ಒದ್ದೆಯಾಗದ ಲೈಸೆನ್ಸ್

ಡೀಸೆಲ್, ಬೆವರು, ಬಿಸಿಲಿಗೆ ಕಾದ ರೆಕ್ಸಿನ್ ಸೀಟು. ಈ ಮೂರೂ ಸೇರಿದ ವಾಸನೆಯೆಂದರೆ ಪುಟ್ಟಿಗೆ ಅಪ್ಪ. ಬಸ್ ಓಡಿಸುತ್ತಿದ್ದ ಅಪ್ಪ ನಾಲ್ಕು ದಿನದ ಪ್ರಯಾಣ ಮುಗಿಸಿ ಬಂದಾಗ ಅವನಿಗಿಂತ ಮೊದಲು ಆ ವಾಸನೆ ಬಾಗಿಲು ದಾಟುತ್ತಿತ್ತು. ನಿದ್ದೆಗಣ್ಣಿನಲ್ಲೇ ಅವಳು ಅದರ ಕಡೆಗೆ ಕೈ ಚಾಚುತ್ತಿದ್ದಳು. ಅಪ್ಪ ಹೋಗಿ ನಲವತ್ತು ವರ್ಷವಾಗಿತ್ತು. ಪುಟ್ಟಿಗೂ ಅರವತ್ತಾರು ತುಂಬಿ, ಶಾಲೆಯ ಕೆಲಸದಿಂದ ನಿವೃತ್ತಳಾಗಿ, ಅಣ್ಣನ ಮನೆಯಲ್ಲಿ ಅವನ ಕನ್ನಡಕ ಹುಡುಕಿಕೊಡುವುದೇ ಉದ್ಯೋಗವಾಗಿತ್ತು. ಹಾಗಿರುವಾಗ ಒಂದು ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಕೂತ ಹೆಂಗಸೊಬ್ಬಳು ತನ್ನ ಬಟ್ಟೆಚೀಲದ ಗಂಟು ಬಿಚ್ಚಿದಳು. ಅದೇ ವಾಸನೆ ಎದ್ದು ಬಂತು.

ಚೀಲದಲ್ಲಿದ್ದದ್ದು ಒಂದು ಖಾಕಿ ಅಂಗಿ. ಅಂಗಿಯ ಮಡಿಕೆಯೊಳಗೆ ಒಂದು ಲೈಸೆನ್ಸ್ ಕಾರ್ಡು.

"ಒಗೆದಿಲ್ಲ," ಎಂದಳು ಆಕೆ, ತಪ್ಪು ಒಪ್ಪಿಕೊಳ್ಳುವವಳಂತೆ. "ಮನೇಲಿ ಬಿಚ್ಚಿಟ್ಟಿದ್ದು, ನಾಲ್ಕು ವರ್ಷದಿಂದ ಹಾಗೇ ಇಟ್ಟಿದ್ದೀನಿ."

ಆಕೆ ಹಿಂದಿನ ಬೀದಿಯ ಟೈಲರಮ್ಮ. ಪುಟ್ಟಿಯ ಅಣ್ಣ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂವತ್ತು ವರ್ಷ ಡ್ರೈವರುಗಳನ್ನು ಪರೀಕ್ಷಿಸಿದ ಇನ್‌ಸ್ಪೆಕ್ಟರ್ ಅವರು. "ಮೊದಲು ನಿಲ್ಲಿಸೋದು ತೋರಿಸು, ಓಡಿಸೋದು ಆಮೇಲೆ" ಎನ್ನುತ್ತಿದ್ದುದರಿಂದ ಊರಿಗೆಲ್ಲ ಬ್ರೇಕ್ ಸಾಹೇಬರು. ನಿವೃತ್ತಿಯ ನಂತರ, ಯಾರಿಗೂ ಬಿಡಿಸಲಾಗದ ಸಿಕ್ಕುಗಳನ್ನು ಜನ ಅವರ ಬಾಗಿಲಿಗೇ ತರುತ್ತಿದ್ದರು.

"ಭಾರಿ ವಾಹನದ ಲೈಸೆನ್ಸು. ಹೋದ ತಿಂಗಳು ನವೀಕರಣ ಆಗಿದೆ," ಎಂದರು ಸಾಹೇಬರು. "ನಿಮ್ಮ ಯಜಮಾನರದ್ದಾ?"

"ಹೌದು. ಮೊನ್ನೆ ಟಪಾಲಿನಲ್ಲಿ ಬಂತು. ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತು ಸಾಹೇಬರೇ."

ಕಾರ್ಡಿನ ಮೇಲೆ ದಪ್ಪ ಕನ್ನಡಕದ ಗಂಡಸೊಬ್ಬ ಇನ್ನೇನು ನಗುವವನಂತಿದ್ದ.

ಟೈಲರಮ್ಮ ತಡೆದು ತಡೆದು ಹೇಳಿದಳು. ಬೆಳಗಿನ ಜಾವದ ಮಂಜಿನಲ್ಲಿ ಲಾರಿ ಸೇತುವೆಯಿಂದ ನದಿಗೆ ಉರುಳಿತ್ತು. ಜೊತೆಯಲ್ಲಿದ್ದ, ಎಲ್ಲರೂ ಮರಿ ಎಂದು ಕರೆಯುತ್ತಿದ್ದ ಎರಡನೇ ಡ್ರೈವರ್ ದಡದ ಮೇಲೆ ಬಿದ್ದು ಉಳಿದುಕೊಂಡ. ಗಂಡನ ದೇಹ ಸಿಕ್ಕಿದ್ದು ಹನ್ನೊಂದನೇ ದಿನ.

"ಮುಖ ನೋಡಬೇಡ ಅಂದ್ರು. ನಾನು ಹೊಲಿದ ಅಂಗಿ ನೋಡಿ ಹೌದು ಅಂದೆ. ಆದ್ರೆ ಅಂಥ ಅಂಗಿ ನಾನು ಎಷ್ಟು ಡ್ರೈವರುಗಳಿಗೆ ಹೊಲಿದಿಲ್ಲ? ಈಗ ಆರು ತಿಂಗಳಿಂದ ಸಂಜೆ ದೀಪ ಹಚ್ಚೋ ಹೊತ್ತಿಗೆ ಮೂಲೆಯಲ್ಲಿ ಹಾರ್ನ್ ಕೇಳುತ್ತೆ. ಎರಡು ಚಿಕ್ಕದು, ಒಂದು ಉದ್ದ. 'ಬಂದೆ ಕಣೇ' ಅನ್ನೋಕೆ ಅವರು ಹಾಗೇ ಹೊಡೀತಿದ್ರು."

"ದಿನಾ ಕೇಳುತ್ತಾ?"

"ಭಾನುವಾರ ಇಲ್ಲ."

"ದೆವ್ವಕ್ಕೂ ವಾರದ ರಜೆ ಇದೆ ಅನ್ನಿ," ಎಂದರು ಸಾಹೇಬರು. ಪುಟ್ಟಿ ಕಣ್ಣಲ್ಲೇ ಗದರಿದಳು. ಅವರು ಮೆತ್ತಗಾದರು. "ಮೂಲೆವರೆಗೆ ಹೋಗಿ ನೋಡಲಿಲ್ವೇನಮ್ಮಾ?"

"ಇಲ್ಲ. ಹೋದರೆ ಅವರಿರಲ್ಲ ಅಂತ ಭಯ."

"ಸಾವಿನ ಪತ್ರ ಲೈಸೆನ್ಸ್ ಕಚೇರಿಗೆ ಕೊಟ್ಟಿದ್ರಾ?"

"ಕೊಡಬೇಕು ಅಂತ ಯಾರೂ ಹೇಳಲಿಲ್ಲ. ಹಳೇ ಕಾರ್ಡೂ ನದಿ ಪಾಲಾಯ್ತು ಅಂದುಕೊಂಡೆ. ನಮ್ಮೋರು ಕಾಗದಪತ್ರ ಮುಟ್ಟುತ್ತಿರಲಿಲ್ಲ. ದಾಖಲೆ ಚೀಲ ಯಾವಾಗಲೂ ಮರಿಯ ಕೊರಳಲ್ಲಿ. 'ನೀನೇ ನನ್ನ ಕಚೇರಿ ಕಣೋ' ಅಂತ ನಗಾಡ್ತಿದ್ರು. ಪಾಪ, ಆ ಮರಿ ಅವತ್ತಿನಿಂದ ಸ್ಟೀರಿಂಗ್ ಮುಟ್ಟಿಲ್ಲ. ಯಾವುದೋ ಗೋದಾಮಿನಲ್ಲಿದ್ದಾನೆ." ಆಕೆ ಅಂಗಿಯನ್ನು ಮತ್ತೆ ಮಡಿಸಿದಳು. "ಬದುಕಿದ್ದರೆ ಬದುಕಿದ್ದಾರೆ ಅನ್ನಿ. ಇಲ್ಲಾಂದ್ರೆ ಇಲ್ಲ ಅನ್ನಿ. ಎರಡರ ನಡುವೆ ಇರೋಕೆ ನನ್ನ ಕೈಲಾಗಲ್ಲ."

ಆಕೆ ಹೋದ ಮೇಲೆ ಸಾಹೇಬರು ಕೋಟು ಹಾಕಿಕೊಂಡರು. "ನಲವತ್ತು ದಾಟಿದ ಡ್ರೈವರ್ ಲೈಸೆನ್ಸ್ ನವೀಕರಿಸಬೇಕಾದರೆ ಮೂರು ಬಾಗಿಲು ತಟ್ಟಬೇಕು ಪುಟ್ಟಿ. ಕಣ್ಣಿನ ಪರೀಕ್ಷೆ, ಡ್ರೈವಿಂಗ್ ಸ್ಕೂಲಿನಲ್ಲಿ ಒಂದು ದಿನದ ತರಗತಿ, ಕೊನೆಗೆ ಕಚೇರಿಯ ಕೌಂಟರ್. ಸತ್ತವನಾಗಲಿ ಬದುಕಿದವನಾಗಲಿ, ಮೂರು ಕಡೆ ಯಾರೋ ಒಬ್ಬ ಮೈಹೊತ್ತು ಹೋಗಿದ್ದಾನೆ."

ಕಚೇರಿಯಲ್ಲಿ ಗುಮಾಸ್ತ ತನ್ನ ಕುರ್ಚಿಯನ್ನು ಒಬ್ಬ ಮುದುಕನಿಗೆ ಬಿಟ್ಟುಕೊಟ್ಟು ನಿಂತೇ ಬರೆಯುತ್ತಿದ್ದ. ಪುಟ್ಟಿಗೆ ಅವನ ಮೇಲೆ ಅಲ್ಲೇ ನಂಬಿಕೆ ಹುಟ್ಟಿತು.

"ಕ್ಯಾಮೆರಾ ಕೆಟ್ಟು ಎರಡು ತಿಂಗಳು ಸಾರ್," ಎಂದ ಅವನು. "ನವೀಕರಣಕ್ಕೆಲ್ಲ ಹಳೇ ಫೋಟೋನೇ ಹಾಕ್ತಿದ್ದೀವಿ. ಬಂದವನ ಮುಖ ನೆನಪಿಲ್ಲ. ಟೋಪಿ, ಗಡ್ಡ. ಕಾರ್ಡು ಕೈಗೇ ಕೊಡಿ ಅಂತ ಎರಡು ಸಲ ಬಂದ. ಈಗ ಟಪಾಲು ಬಿಟ್ಟರೆ ಕೊಡೋ ಹಾಗಿಲ್ಲ, ಅದೂ ದಾಖಲೆಯಲ್ಲಿರೋ ವಿಳಾಸಕ್ಕೇ ಅಂದೆ. ಪೆಚ್ಚಾಗಿ ಹೋದ."

ನವೀಕರಣಕ್ಕೆ ಬಂದವನು ಒಪ್ಪಿಸಿದ್ದ ಹಳೆಯ ಕಾರ್ಡು ಕಡತದಲ್ಲೇ ಇತ್ತು. ಅದು ಕಾಗದದ ಕಾರ್ಡು. ಅಂಚು ಸವೆದಿತ್ತು, ಆದರೆ ಶಾಯಿಯ ಸಹಿ ಒಂದಿಷ್ಟೂ ಹರಡಿರಲಿಲ್ಲ. ಸಾಹೇಬರು ಅದನ್ನು ಬೆರಳಿನಿಂದ ಸವರಿ, ಅಪಘಾತವಾದ ವರ್ಷದ ರದ್ದತಿ ಪುಸ್ತಕ ತರಿಸಿ, ಒಂದು ಸಾಲನ್ನು ಡೈರಿಗೆ ಬರೆದುಕೊಂಡರು. ಪುಟ್ಟಿ ಇಣುಕಿದಳು. ಅವರು ಡೈರಿ ಮುಚ್ಚಿದರು.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಇವರನ್ನು ಕಂಡೊಡನೆ ಬೆವರಿದರು. "ನಾನು ಹಾಜರಿ ಕೂಗಿದೆ, 'ಬಂದಿದ್ದೀನಿ' ಅಂದ. ಸತ್ತವನ ಹೆಸರು ಅಂತ ನನಗೇನು ಗೊತ್ತು ಸ್ವಾಮಿ?"

ಪುಟ್ಟಿ ಆ ಖಾಲಿ ಬೆಂಚುಗಳನ್ನು ನೋಡಿದಳು. ನದಿಯಲ್ಲಿ ಮುಳುಗಿದವನ ಹೆಸರನ್ನು ಈ ಕೋಣೆಯಲ್ಲಿ ಕೂಗಿದ್ದಾರೆ, ಯಾರೋ ಓಗೊಟ್ಟಿದ್ದಾರೆ. ಅವಳು ತೋಳು ಉಜ್ಜಿಕೊಂಡಳು.

"ಎಲ್ಲಿ ಕೂತಿದ್ದ?"

"ಅಗೋ, ಎಡಗಡೆ ಗೋಡೆಗೆ ಅಂಟಿಕೊಂಡು. ಅಲ್ಲಿ ಕೂತಿದ್ದವನನ್ನು ಎಬ್ಬಿಸಿ ಕೂತ. ಸಂಜೆವರೆಗೂ ಅಲುಗಲಿಲ್ಲ. ಎಲ್ಲಾ ಬರ್ಕೊಂಡ. ಅಷ್ಟು ಶ್ರದ್ಧೆ ನಾನು ನೋಡೇ ಇಲ್ಲ."

ಕಣ್ಣಿನ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡುವ ಹುಡುಗಿ ಪುಸ್ತಕ ತೆರೆದಳು. "ಕನ್ನಡಕವಿಲ್ಲದೆ ಎರಡೂ ಕಣ್ಣು ಸರಿಯಾಗಿವೆ. ಕಣ್ಣು ಮುಚ್ಚೋ ಹಿಡಿ ಮುರಿದಿತ್ತು, ಅಂಗೈಯಲ್ಲೇ ಮುಚ್ಚಿಕೊಳ್ಳಿ ಅಂದೆ. ಮೊದಲು ಬಲಗೈಯಲ್ಲಿ ಮುಚ್ಚಿಕೊಂಡು ಓದಿದರು, ಆಮೇಲೆ ಎಡಗೈಯಲ್ಲಿ. ಎರಡು ಸಲವೂ ಗಡಗಡ ಅಂತ ಓದಿಬಿಟ್ಟರು. ನಾನು ಬರೆದುಕೊಳ್ಳುತ್ತಾ ಇದ್ದೆ."

ಸಂಜೆ ಇಬ್ಬರೂ ಟೈಲರಮ್ಮನ ಬೀದಿಯ ಮೂಲೆಯಲ್ಲಿ ನಿಂತರು. ಎಡಕ್ಕೆ ತಿರುಗುವ ರಸ್ತೆಯನ್ನು ಒಂದು ಎತ್ತರದ ಗೋಡೆ ಮರೆಮಾಡಿತ್ತು. ಬೆಳಕು ಬೂದಿಬಣ್ಣಕ್ಕೆ ತಿರುಗಿತು. ಎರಡು ಚಿಕ್ಕದು, ಒಂದು ಉದ್ದ. ಪುಟ್ಟಿ ಅಣ್ಣನ ತೋಳು ಹಿಡಿದುಕೊಂಡಳು. ಬಂದದ್ದು ಕಾರ್ಖಾನೆಯ ಬಸ್ಸು. ತುಂಬ ದಣಿದ ಹೆಂಗಸರು, ಕಿಟಕಿಗಳಿಗೆ ಒರಗಿದ ತಲೆಗಳು. ಟೋಪಿ ತೊಟ್ಟ ಡ್ರೈವರ್ ಕತ್ತನ್ನೆಲ್ಲ ಎಡಕ್ಕೆ ಹೊರಳಿಸಿ, ಹಕ್ಕಿಯಂತೆ ನೋಡಿ, ಬಸ್ಸನ್ನು ತಿರುಗಿಸಿದ. ಪಕ್ಕದ ಖಾಲಿ ಸೀಟಿನ ಕಡೆಗೆ ಏನೋ ಹೇಳಿದಂತೆ ಅವನ ತುಟಿ ಅಲುಗಿತು.

"ಅಣ್ಣಾ, ಅವನು ಯಾರ ಹತ್ತಿರ ಮಾತಾಡಿದ?"

"ಭಾನುವಾರ ಕೇಳೋಣ," ಎಂದರು ಸಾಹೇಬರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಮನೆಗೆ ಬಂದವರೇ ಬಸ್ಸಿನ ಗುತ್ತಿಗೆದಾರನಿಗೆ ಫೋನ್ ಮಾಡಿ, ನಾಳೆಯಿಂದ ಆ ಡ್ರೈವರನ್ನು ಕೂರಿಸಬೇಡಿ, ಕಾರಣ ಆಮೇಲೆ ಹೇಳುತ್ತೇನೆ ಎಂದರು.

ಭಾನುವಾರ ಸಂಜೆ ಟೈಲರಮ್ಮನ ಹೊಲಿಗೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಗುಮಾಸ್ತ, ಮೇಷ್ಟ್ರು, ಕ್ಲಿನಿಕ್ಕಿನ ಹುಡುಗಿ, ಟೈಲರಮ್ಮ ಹೇಳಿಕಳಿಸಿದ್ದರಿಂದ ಬಂದ ಮರಿ. ಮೂವತ್ತೈದರ, ಅಂದಷ್ಟೇ ನುಣ್ಣಗೆ ಕ್ಷೌರ ಮಾಡಿಕೊಂಡ, ಮಾತು ಕಡಿಮೆಯ ಗಂಡಸು. ಯಾರೂ ಹೇಳದೆಯೇ ಎದ್ದು ಎಲ್ಲರಿಗೂ ನೀರು ಬಗ್ಗಿಸಿಕೊಟ್ಟ. ಸದ್ದಾಗದಂತೆ ಹೂಜಿಯ ಬಾಯನ್ನು ಲೋಟದ ಅಂಚಿಗೆ ತಾಗಿಸಿ ಬಗ್ಗಿಸುವ ಆ ನಯ ಪುಟ್ಟಿಗೆ ಬಹಳ ಹಿಡಿಸಿತು.

"ಮೊದಲು ಟೈಲರಮ್ಮ ಕೇಳಿದ್ದಕ್ಕೆ ಉತ್ತರ," ಎಂದರು ಸಾಹೇಬರು. "ಲೈಸೆನ್ಸ್ ಪಡೆದವರು ನಿಮ್ಮ ಯಜಮಾನರಲ್ಲ. ಫೋಟೋದಲ್ಲಿ ದಪ್ಪ ಕನ್ನಡಕ ಇದೆ. ಅಂಥ ಕಣ್ಣು ಕನ್ನಡಕವಿಲ್ಲದೆ ಕೊನೇ ಸಾಲು ಗಡಗಡ ಓದೋದಿಲ್ಲ. ಹಾಗಾದರೆ ಯಾರು? ಗುಮಾಸ್ತರೇ ಮಾಡಿದ್ದರೆ ಕಾರ್ಡು ಟಪಾಲಿಗೆ ಹೋಗುತ್ತಿರಲಿಲ್ಲ, ಜೇಬಿಗೆ ಹೋಗುತ್ತಿತ್ತು."

"ನೋಡಿ ಮತ್ತೆ!" ಎಂದ ಗುಮಾಸ್ತ.

"ಮೇಷ್ಟ್ರು ಮಾಡಿದ್ದರೆ ಇಡೀ ದಿನ ತರಗತಿಯಲ್ಲಿ ಒಬ್ಬನನ್ನು ಕೂರಿಸುವ ಅಗತ್ಯವೇ ಇರಲಿಲ್ಲ. ಒಂದು ಸಹಿ ಸಾಕಿತ್ತು. ಈ ಮನುಷ್ಯ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಿಯತ್ತಾಗಿ ಮಾಡಿದ್ದಾನೆ. ಇನ್ನು ಕಣ್ಣಿನ ಪರೀಕ್ಷೆ. ಪುಟ್ಟಿ, ನೋಡು." ಸಾಹೇಬರು ಬಲ ಅಂಗೈಯಿಂದ ಎಡಗಣ್ಣು ಮುಚ್ಚಿದರು. ಅದನ್ನು ತೆಗೆದು, ಎಡ ಅಂಗೈಯಿಂದ ಮತ್ತೆ ಎಡಗಣ್ಣನ್ನೇ ಮುಚ್ಚಿದರು. "ಕೈ ಬದಲಾಯಿತು, ಕಣ್ಣು ಬದಲಾಗಲಿಲ್ಲ."

ಹುಡುಗಿ ಹಣೆ ಚಚ್ಚಿಕೊಂಡಳು. "ಅಯ್ಯೋ! ನಾನು ಕೈ ಮಾತ್ರ ನೋಡಿದೆ!"

"ಎಡಗಣ್ಣು ಕಾಣದವನು. ಅದಕ್ಕೇ ಎಡಗೋಡೆಗೆ ಅಂಟಿ ಕೂತ, ಇಡೀ ಕೋಣೆ ಬಲಕ್ಕೆ ಬರಲಿ ಅಂತ. ಎಡ ತಿರುವಿನಲ್ಲಿ ಕತ್ತನ್ನೆಲ್ಲ ಹೊರಳಿಸುತ್ತಾನೆ, ಸಾಲದೆ ಹಾರ್ನ್ ಹೊಡೆಯುತ್ತಾನೆ. ಹಾರ್ನ್ ಹೊಡೆಯೋದನ್ನು ಗುರುವಿನಿಂದ ಕಲಿತ ಕೈಗೆ ಬೇರೆ ಲಯ ಬರಲ್ಲ. ಇನ್ನು ಹಳೇ ಕಾರ್ಡು. ಅದು ನೀರು ಕಂಡದ್ದೇ ಅಲ್ಲ. ಚೆಕ್‌ಪೋಸ್ಟಿನಲ್ಲಿ ಡ್ರೈವರ್ ಸ್ಟೀರಿಂಗ್ ಬಿಟ್ಟು ಇಳಿಯೋದಿಲ್ಲ, ಕಾಗದ ಹಿಡಿದು ಓಡುವವನು ಜೊತೆಗಾರ. ಡ್ರೈವರನ ಲೈಸೆನ್ಸೂ ಅವನ ಕೊರಳಿನ ಚೀಲದಲ್ಲೇ. ದಡದ ಮೇಲೆ ಬಿದ್ದದ್ದು ಆ ಕೊರಳು."

ಯಾರೂ ಮರಿಯ ಕಡೆ ನೋಡಲಿಲ್ಲ. ನೋಡದಿರುವುದೇ ಕೋಣೆಯನ್ನೆಲ್ಲ ತುಂಬಿತು.

ಸಾಹೇಬರು ಡೈರಿ ತೆರೆದರು. "ಅಪಘಾತದ ಮೂರು ತಿಂಗಳ ನಂತರ ಆಸ್ಪತ್ರೆಯ ವರದಿಯ ಮೇಲೆ ನಿನ್ನ ಲೈಸೆನ್ಸ್ ರದ್ದಾಗಿದೆ ಮರಿ. ಹೊರಗಿನಿಂದ ಕಣ್ಣು ಚೆನ್ನಾಗಿದೆ, ಒಳಗಿನ ನರ ಹೋಗಿದೆ. ನೀರು ಬಗ್ಗಿಸುವಾಗ ಹೂಜಿಯನ್ನು ಲೋಟಕ್ಕೆ ತಾಗಿಸಿಕೊಂಡೆಯಲ್ಲ, ದೂರ ಅಂದಾಜು ಸಿಗದವರು ಹಾಗೇ ಮಾಡೋದು."

ಪುಟ್ಟಿಗೆ ಪೆಚ್ಚಾಯಿತು. ಆದರೂ ಅದರಲ್ಲಿ ನಯ ಇರಲಿಲ್ಲವೆಂದು ಒಪ್ಪಲು ಅವಳ ಮನಸ್ಸು ಸಿದ್ಧವಿರಲಿಲ್ಲ.

ಮರಿ ತನ್ನ ಅಂಗೈ ನೋಡಿಕೊಂಡ. "ಗೋದಾಮು ಮುಚ್ಚಿಹೋಯ್ತು. ನನಗೆ ಬೇರೆ ಕೆಲಸ ಗೊತ್ತಿಲ್ಲ. ಅಣ್ಣನ ಹಳೇ ಕಾರ್ಡು ತೋರಿಸಿ ಬಸ್ಸಿಗೆ ಸೇರಿದೆ, ಅದರ ಅವಧಿ ಮುಗಿದಾಗ ನವೀಕರಣಕ್ಕೆ ಹೋದೆ. ಯಾರಿಗೂ ಒಂದು ಗೀರು ಗಾಯ ಮಾಡಿಲ್ಲ ಸಾಹೇಬರೇ."

"ಇಲ್ಲಿತನಕ. ನಿಯಮ ನಿನ್ನನ್ನು ಅವಮಾನ ಮಾಡೋಕೆ ಬರೆದದ್ದಲ್ಲಪ್ಪಾ. ಡ್ರೈವರನ ಹಿಂದೆ ನಿದ್ದೆ ಮಾಡುವವರಿಗೋಸ್ಕರ ಬರೆದದ್ದು. ನಿನ್ನ ಬಸ್ಸಿನಲ್ಲಿ ನಲವತ್ತು ಜನ ಕಿಟಕಿಗೆ ತಲೆ ಇಟ್ಟು ಮಲಗಿದ್ದರು."

"ಗೊತ್ತು." ಮರಿಯ ದನಿ ಇಳಿಯಿತು. "ಎಡಗಡೆ ನನಗೆ ಬರೀ ಕತ್ತಲು. ಆದ್ರೆ ಅಲ್ಲಿ ಅಣ್ಣ ಕೂತಿರ್ತಾರೆ. ಮೊದಲು ನಾನು ಕೂರ್ತಿದ್ದ ಜಾಗದಲ್ಲಿ. 'ಸೈಕಲ್ ಬಂತು ನೋಡೋ, ಹಾರ್ನ್ ಹೊಡಿ' ಅಂತಾರೆ. ಅವರ ಹೆಸರು ಕೂಗಿದಾಗ ಬಂದಿದ್ದೀನಿ ಅಂದೆನಲ್ಲ, ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಲೇ ಇಲ್ಲ."

ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಟೈಲರಮ್ಮ ಮೊದಲ ಸಲ ಮಾತಾಡಿದಳು. "ಮರಿ. ಅವತ್ತು ನೀನು ನೋಡಿದೆಯಾ?"

"ಅತ್ತಿಗೆ..."

"ನಾಲ್ಕು ವರ್ಷದಿಂದ ಕೇಳಬೇಕು ಅಂತಿದ್ದೆ. ನಿನಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ. ಈಗ ಹೇಳು."

"ನೋಡಿದೆ. ಲಾರಿ ಕಂಬಿಗೆ ಸಿಕ್ಕಿಕೊಂಡು ತೂಗಾಡ್ತಿತ್ತು. ಅವರ ಕಾಲು ಸ್ಟೀರಿಂಗ್ ಕೆಳಗೆ ಸಿಕ್ಕಿತ್ತು. ನಾನು ಎಳೆದೆ ಅತ್ತಿಗೆ, ಬರಲಿಲ್ಲ. ಇನ್ನೊಂದು ಕಾಲಿನಿಂದ ನನ್ನನ್ನೇ ಬಾಗಿಲಿನಿಂದ ಆಚೆ ಒದ್ದರು. ಕೆಳಗೆ ಬಿದ್ದ ಮೇಲೆ ನೋಡ್ತೀನಿ, ಲಾರಿ ಮುಳುಗ್ತಾ ಇದೆ. ನೀರು ಅವರ ಮುಖದ ಮೇಲೆ ಬರೋತನಕ ನನ್ನನ್ನೇ ನೋಡ್ತಾ ಇದ್ದರು. ಇದನ್ನ ನಿಮಗೆ ಹೇಗೆ ಹೇಳಲಿ? ಒದೆಸಿಕೊಂಡು ಉಳಿದವನು ನಾನು."

ಟೈಲರಮ್ಮ ಅಳಲಿಲ್ಲ. ಎಷ್ಟೋ ಕಾಲದಿಂದ ಎತ್ತಿ ಹಿಡಿದಿದ್ದ ಭುಜಗಳು ನಿಧಾನವಾಗಿ ಕೆಳಗಿಳಿದುದನ್ನು ಪುಟ್ಟಿ ಕಂಡಳು. "ಹಾಗಾದರೆ ಇಲ್ಲ," ಎಂದಳು ಆಕೆ, ತನಗೇ ಹೇಳಿಕೊಳ್ಳುವಂತೆ. "ಇಲ್ಲ."

"ನಾಳೆ ಹತ್ತು ಗಂಟೆಗೆ ಕಚೇರಿಗೆ ಹೋಗೋಣ," ಎಂದರು ಸಾಹೇಬರು ಮರಿಗೆ. "ಕೇಸು ಆಗುತ್ತೆ. ನಾನು ತಪ್ಪಿಸೋಲ್ಲ. ಆದರೆ ಪಕ್ಕದಲ್ಲಿ ಕೂರ್ತೀನಿ."

ಮರಿ ತಲೆಯಾಡಿಸಿದ. ಒಬ್ಬೊಬ್ಬರೇ ಎದ್ದರು. ಗುಮಾಸ್ತ ಹೋಗುವಾಗ ಮರಿಯ ಚಪ್ಪಲಿಯನ್ನು ಕಾಲಿಗೆ ಸಿಗುವಂತೆ ಸರಿಸಿಟ್ಟ. ಮರಿ ಹೊಸ್ತಿಲ ಬಳಿ ಬಂದು ನಿಂತ.

ಟೈಲರಮ್ಮ ಒಳಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದ ಸದ್ದು, ಸೌಟಿನ ಸದ್ದು. ಬಟ್ಟೆಯಲ್ಲಿ ಕಟ್ಟಿದ ಊಟದ ಡಬ್ಬಿಯೊಂದನ್ನು ತಂದು, ಅವನ ಎರಡೂ ಕೈಗಳನ್ನು ಹಿಡಿದು ಅವುಗಳೊಳಗೆ ಇಟ್ಟಳು.

"ಬಿಸಿ ಇದೆ," ಎಂದಳು. "ತಳ ಮುಟ್ಟಬೇಡ, ಗಂಟು ಹಿಡ್ಕೊ."