ಏಳಿ ಎಂದರೂ ಏಳದ ಮಕ್ಕಳು

ಬಹಳ ಬಹಳ ಹಿಂದೆ, ಕಲ್ಲಿಗೂ ಓದಲು ಬರುತ್ತಿದ್ದ ಕಾಲದಲ್ಲಿ, ಸಿರಿಗೋಡು ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಯ ಮುಂದೊಂದು ಕರಿಕಲ್ಲು. ಮನೆಯಿಲ್ಲದ ಮಗು ಅದರ ಮೇಲೆ ತನ್ನ ಹೆಸರನ್ನು ದುಂಡಗೆ ಬರೆದರೆ ಕಲ್ಲು ಬಾಗಿಲಾಗಿ ತೆರೆದು ಒಳಗೊಂದು ಮನೆ ಕೊಡುತ್ತಿತ್ತು. ಆದರೆ ಬೀದಿಯ ಮಕ್ಕಳು ಬರೆದದ್ದೆಲ್ಲ ಸೊಟ್ಟಪಟ್ಟ. ನೋಡಿದವರೆಲ್ಲ ನಗುತ್ತಿದ್ದರು. ಇವರ ಕೈಗೆ ಅಕ್ಷರ ಒಲಿಯುವುದಿಲ್ಲ ಎಂದು ಆಸ್ಥಾನದ ಮಾಂತ್ರಿಕ ಧೂಮಕೇಶಿ ರಾಜನ ಕಿವಿ ಊದಿದ್ದ.

ಮಂಡಕ್ಕಿ ಹುರಿಯುವ ಸಂಕವ್ವನಿಗೆ ಇದನ್ನು ಕೇಳಿ ಮೈಯೆಲ್ಲ ಉರಿಯಿತು. ಭಟ್ಟಿಯ ಬಿಸಿ ಮರಳನ್ನು ಹದವಾಗಿ ಆರಿಸಿ, ಕೋಟೆಗೋಡೆಯ ಬದಿ ಹರವಿ, ಮಕ್ಕಳ ಬೆರಳು ಹಿಡಿದು ತಿದ್ದಿಸತೊಡಗಿದಳು. ಚಳಿಗೆ ಮರಗಟ್ಟಿದ ಬೆರಳು ಬೆಚ್ಚಗಾಗಿ, ಹೊನ್ನಿ ಎಂಬ ಪುಟ್ಟ ಹುಡುಗಿ ತನ್ನ ಹೆಸರು ಶುರುಮಾಡಿದ್ದಳು, ಅಷ್ಟರಲ್ಲಿ ತನ್ನ ಮಾತು ಸುಳ್ಳಾದೀತೆಂದು ಧೂಮಕೇಶಿ ಕಳಿಸಿದ ಗಾಳಿಹುಲಿ ಬಂದು ಏಳಿ ಎಂದು ಗುಡುಗಿತು. ಮಕ್ಕಳು ಎದ್ದು ಓಡಿದರು. ಹುಲಿ ಮರಳನ್ನೆಲ್ಲ ಊದಿಹಾಕಿತು.

ಏಳದೆ ಏನು ಮಾಡಿಯಾರು ಪಾಪ? ಹುಟ್ಟಿದಾಗಿನಿಂದ ಕೇಳಿದ್ದು ಅದೊಂದೇ ಮಾತು. ಅಂಗಡಿ ಜಗಲಿಯಲ್ಲಿ ಏಳಿ, ಗುಡಿಯ ಮೆಟ್ಟಿಲಲ್ಲಿ ಏಳಿ. ಥೂ, ಇದೂ ಒಂದು ರಾಜ್ಯವೇ!

ಸಂಕವ್ವ ಸಂತೆಕಟ್ಟೆಯ ಮೇಲೆ ಮತ್ತೆ ಮರಳು ಹರವಿದಳು. ಈ ಸಲ ಅವನ ನೀರಿನ ಹಾವು ಬಂದು ಏಳಿ ಎಂದಿತು. ಎಲ್ಲರೂ ಎದ್ದರು, ಮರಳು ಕೊಚ್ಚಿಹೋಯಿತು. ಹೊನ್ನಿಯ ಪುಟ್ಟ ತಮ್ಮ ಮಾತ್ರ ನಿದ್ದೆಹೋಗಿದ್ದ, ಏಳಲಿಲ್ಲ. ಹಾವು ಆ ಕೂಸನ್ನು ಬಳಸಿಕೊಂಡು ಹೋಯಿತು, ಅದರ ಬಟ್ಟೆಯ ಅಂಚೂ ನೆನೆಯಲಿಲ್ಲ. ಮಾಂತ್ರಿಕನ ಮೃಗಗಳ ಆಟ ಎದ್ದವರ ಮೇಲೆ ಮಾತ್ರ ಎಂಬುದು ಸಂಕವ್ವನಿಗೆ ಆಗ ಹೊಳೆಯಿತು.

ಮೂರನೆಯ ಸಲ ಅವಳು ಮೂಲೆ ಹುಡುಕಲಿಲ್ಲ. ರಾಜ ಉಪ್ಪರಿಗೆಯಿಂದ ನೋಡುತ್ತಿರುವಾಗಲೇ ಅರಮನೆಯ ಮುಂದೆ ಮರಳು ಹರವಿದಳು. ಯಾರೂ ಏಳಬಾರದೆಂದು ಮಕ್ಕಳಿಗೆ ಹೇಳಿದಳು. ಕಲ್ಲಿನ ಯಾಳಿ ನೆಲ ನಡುಗಿಸುತ್ತ ಬಂದು ಏಳಿ ಎಂದು ಅಬ್ಬರಿಸಿತು. ಹೊನ್ನಿಯ ಕಾಲು ತಾನಾಗಿಯೇ ಏಳಹೊರಟಿತು.

"ಕೂತ್ಕೋ ಮಗಾ," ಎಂದಳು ಸಂಕವ್ವ. "ನಿನ್ನ ಹೆಸರು ಇನ್ನೂ ಮುಗಿದಿಲ್ಲ."

ಹೊನ್ನಿ ಕೂತಳು. ಎಲ್ಲರೂ ಕೂತೇ ಇದ್ದರು. ಯಾಳಿಯ ಉಸಿರು ಕುತ್ತಿಗೆಗೆ ತಾಕುತ್ತಿದ್ದರೂ ಅಳುತ್ತಳುತ್ತಲೇ ತಿದ್ದಿದರು. ಹೊನ್ನಿಯ ಹೆಸರು ಮುಗಿದದ್ದೇ ತಡ, ಯಾಳಿ ಪುಡಿಪುಡಿಯಾಗಿ ಉದುರಿತು. ಧೂಮಕೇಶಿ ಹೊಗೆಯಾಗಿ ಹಾರಿಹೋದ.

ಸಂಕವ್ವ ರಾಜನತ್ತ ತಿರುಗಿದಳು. "ಸೊಟ್ಟ ಅಕ್ಷರ ಅಂತ ನಗ್ತಿದ್ರಲ್ಲ ಮಹಾಸ್ವಾಮಿ, ಒಂದಕ್ಷರ ಮುಗಿಸೋವರೆಗೆ ಈ ಮಕ್ಕಳನ್ನ ಯಾರಾದ್ರೂ ಕೂರೋಕೆ ಬಿಟ್ಟಿದ್ರಾ?"

ರಾಜ ಉಪ್ಪರಿಗೆಯಿಂದ ಇಳಿದು ಬಂದು ಮಕ್ಕಳ ಪಕ್ಕ ನೆಲದ ಮೇಲೆಯೇ ಕೂತ.

ಅದೇ ಯಾಳಿಯ ಪುಡಿಯ ಮೇಲೆ ಮಕ್ಕಳು ತಿದ್ದಿ ತಿದ್ದಿ, ಕೈ ಕುದುರಿ, ಒಬ್ಬೊಬ್ಬರಾಗಿ ಕರಿಕಲ್ಲಿನ ಮೇಲೆ ಹೆಸರು ಬರೆದರು. ಬಾಗಿಲುಗಳು ತೆರೆದವು. ಎಲ್ಲರಿಗೂ ಮನೆಯಾಯಿತು, ಎಲ್ಲರೂ ಉಂಡುಟ್ಟು ಸುಖವಾಗಿ ಬಾಳಿದರು. ಹೊನ್ನಿ ಮಾತ್ರ ಮೊದಲ ದಿನ ತಮ್ಮನನ್ನು ಎತ್ತಿಕೊಂಡು ಒಳಗೆ ಹೋದವಳು, ಮನೆಯ ನಟ್ಟನಡುವೆ ಕೂತು ಬಹಳ ಹೊತ್ತು ಬಾಗಿಲ ಕಡೆಯೇ ನೋಡುತ್ತಿದ್ದಳು. ಏಳು ಎನ್ನಲು ಯಾರೂ ಬರಲಿಲ್ಲ.