ನಿಶ್ಚಿತಾಪುರದ ಮುಂದಿನ ಬಿರುಕು

ದಾರದ ತುದಿಗೆ ಕಟ್ಟಿದ ಕಬ್ಬಿಣದ ನಟ್ಟು ಕೆಸರುನೀರಿನಲ್ಲಿ ಮುಳುಗಿ ತಳ ಮುಟ್ಟಿತು. ಹದಿನಾಲ್ಕು ಸೆಂಟಿಮೀಟರು. ಹತ್ತನೆಯ ಸಲವೂ ಹದಿನಾಲ್ಕೇ. ನಿಶ್ಚಿತಾ ಆಕಳಿಸಿದಳು. ಇನ್ನೂ ತೊಂಬತ್ತು ಚೌಕಗಳು ಉಳಿದಿದ್ದವು.

ಯಗಟಿಯ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದ ನಿಶ್ಚಿತಾ ಸಮುದ್ರವನ್ನು ಕಂಡವಳೇ ಅಲ್ಲ. ಆದರೂ ಸಮುದ್ರದ ವಿಷಯದಲ್ಲಿ ತನ್ನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇಲ್ಲವೆಂಬುದು ಅವಳ ದೃಢವಾದ ನಂಬಿಕೆ. ಏಕೆಂದರೆ ಅವಳು ಸಮುದ್ರತಳದ ಒಂದು ವಿಡಿಯೊ ನೋಡಿದ್ದಳು, ಅದೂ ಎರಡು ಸಲ.

ಸಮುದ್ರದ ತಳದಲ್ಲೂ ನೆಲ ಬಿರುಕು ಬಿಟ್ಟಿರುತ್ತದೆ. ಬಿರುಕಿನ ಒಂದು ಮಗ್ಗುಲು ತಟ್ಟನೆ ಜಾರಿದರೆ ಭೂಕಂಪವಾಗುತ್ತದೆ. ಕೆಲವೊಮ್ಮೆ ನೀರೂ ಎದ್ದು ದಡದ ಊರುಗಳಿಗೆ ನುಗ್ಗುತ್ತದೆ. ಅಪಾಯ ಎಲ್ಲಿದೆಯೆಂದು ತಿಳಿಯಲು ಹಡಗಿನವರು ನೀರಿನೊಳಕ್ಕೆ ಶಬ್ದ ಕಳಿಸಿ, ಅದು ಮರಳುವ ಹೊತ್ತಿನಿಂದ ಆಳವನ್ನು ಲೆಕ್ಕಹಾಕಿ, ತಳದ ನಕ್ಷೆ ಬರೆಯುತ್ತಾರೆ.

ಇದನ್ನೇ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ತೋರಿಸಲು ನಿಶ್ಚಿತಾ ಮತ್ತು ಅವಳ ಗೆಳತಿ ಮಾಯಾ ಹೊರಟಿದ್ದರು. ಶಬ್ದದ ಬದಲಿಗೆ ದಾರ. ಮಾಯಾ ಕೆರೆಯಿಂದ ಜೇಡಿಮಣ್ಣು ಹೊತ್ತು ತಂದು, ತನ್ನ ಮನೆಯ ಟಬ್ಬಿನ ತಳದಲ್ಲಿ ಹರಡಿ, ಎಲ್ಲೋ ಒಂದು ಕಡೆ ಗುಟ್ಟಾಗಿ ಬಿರುಕು ಮಾಡಿ, ಕೆಸರುನೀರು ತುಂಬಿದ್ದಳು. ಮೇಲೆ ನೂಲು ಕಟ್ಟಿ ನೂರು ಚೌಕ ಮಾಡಿದ್ದರು. ಎಲ್ಲದರಲ್ಲೂ ದಾರ ಬಿಟ್ಟು, ಬಿರುಕನ್ನು ಹುಡುಕಿ, ನಕ್ಷೆ ಬರೆಯುವುದು ನಿಶ್ಚಿತಾಳ ಪಾಲು. ಗೆದ್ದವರು ಕಡೂರಿನ ತಾಲ್ಲೂಕು ಮಟ್ಟದ ಪ್ರದರ್ಶನಕ್ಕೆ ಹೋಗಬಹುದಿತ್ತು. ಮಾಯಾ ಈವರೆಗೆ ಯಾವುದಕ್ಕೂ ಆಯ್ಕೆಯಾದವಳಲ್ಲ.

ನಿಶ್ಚಿತಾಳ ತಾತ ಬಸವರಾಜಪ್ಪ ಕೊಬ್ಬರಿ ವ್ಯಾಪಾರಿ. ರಾಶಿಯಿಂದ ನಾಲ್ಕು ಕಾಯಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಇಡೀ ರಾಶಿ ಒಣಗಿದೆಯೆಂದು ಹೇಳಿಬಿಡುತ್ತಿದ್ದರು. ಅಂಥ ತಾತನ ಮೊಮ್ಮಗಳಿಗೆ ಹತ್ತು ಅಳತೆ ಸಾಲದೆ? ಉಳಿದ ತೊಂಬತ್ತನ್ನು ಅವಳು ಮನೆಯಲ್ಲೇ ಕುಳಿತು ತುಂಬಿದಳು. ನಿಜವೆನ್ನಿಸಲೆಂದು ಅಲ್ಲೊಂದು ಇಲ್ಲೊಂದು ಹದಿಮೂರು ಬೆರೆಸಿದಳು. ಮೂಲೆಯಲ್ಲಿದ್ದರೆ ಚೆನ್ನಾಗಿ ಕಾಣುತ್ತದೆಂದು ಬಿರುಕನ್ನು ಮೂಲೆಗೆ ಹಾಕಿ, ಸ್ಕೇಲು ಹಿಡಿದು ಕೆಂಪು ಗೆರೆ ಎಳೆದಳು. ಎದುರು ದಡದಲ್ಲಿ ಹನ್ನೊಂದು ಮನೆಗಳ ಒಂದು ಊರು. ಅದಕ್ಕೆ ನಿಶ್ಚಿತಾಪುರವೆಂದು ತಾನೇ ಹೆಸರಿಟ್ಟು, ಕೆಳಗೆ ‘ಇಲ್ಲಿ ಭಯವಿಲ್ಲ’ ಎಂದು ದುಂಡಗೆ ಬರೆದಳು.

ಪ್ರದರ್ಶನದ ಬೆಳಿಗ್ಗೆ ರುದ್ರಮೂರ್ತಿ ಮೇಷ್ಟ್ರು ನಕ್ಷೆಯನ್ನು ಬಹಳ ಮೆಚ್ಚಿದರು. ಆಮೇಲೆ ಟಬ್ಬಿನ ನೀರನ್ನು ಮಗ್ಗಿನಿಂದ ತೆಗೆಸಿದರು.

ಬಿರುಕು ನಿಶ್ಚಿತಾಪುರದ ಮುಂದೆಯೇ ಹಾದುಹೋಗಿತ್ತು.

"ಮಾಯಾ, ಟಬ್ ಎತ್ಕೊಂಡ್ ಬರ್ವಾಗ ಮಣ್ಣು ಜರುಗಿತೇನಮ್ಮಾ?" ಎಂದು ಮೇಷ್ಟ್ರು ಕೇಳಿದರು.

ಮಾಯಾ ತಲೆ ತಗ್ಗಿಸಿದಳು. ತನ್ನಿಂದಲೇ ಕೆಟ್ಟಿತೆಂದು ಅವಳು ಒಪ್ಪಿಕೊಂಡುಬಿಟ್ಟಂತಿತ್ತು. ನಿಶ್ಚಿತಾ ಸುಮ್ಮನಿದ್ದರೆ ಸಾಕಿತ್ತು, ತಪ್ಪು ಮಾಯಾಳ ಮೇಲೆಯೇ ಬೀಳುತ್ತಿತ್ತು. ಹುಟ್ಟಿದಾಗಿನಿಂದ ಸುಮ್ಮನಿರಲು ಬಾರದ ಹುಡುಗಿ ಅಂದು ಮಾತ್ರ ಅದನ್ನು ಒಂದು ನಿಮಿಷ ಕಲಿತಳು. ಆಮೇಲೆ ಮೇಷ್ಟ್ರ ಮುಂದೆ ಬಂದು ನಿಂತಳು.

"ಮಣ್ಣು ಜರುಗಿಲ್ಲ ಸಾರ್. ನಾನು ಹತ್ತೇ ಕಡೆ ದಾರ ಬಿಟ್ಟಿದ್ದು. ಮಿಕ್ಕಿದ್ದೆಲ್ಲ ನಾನೇ ಬರ್ಕೊಂಡೆ."

"ಮತ್ತೆ ಈ ಹದಿಮೂರುಗಳು?"

"ಅವು ಚೆಂದಕ್ಕೆ ಸಾರ್."

ಮೇಷ್ಟ್ರು ಕೆಮ್ಮುವ ನೆಪದಲ್ಲಿ ಬಾಯಿ ಮುಚ್ಚಿಕೊಂಡರು. ಆಯ್ಕೆ ಮೂರು ಗಂಟೆಗೆ, ಅಷ್ಟರೊಳಗೆ ಆದಷ್ಟು ಅಳೆಯಿರಿ ಎಂದು ಹೇಳಿ ಮುಂದಿನ ಮೇಜಿಗೆ ಹೋದರು.

"ನಿನ್ ಊರು ಪೂರ್ತಿ ಮುಳುಗ್ಹೋಯ್ತು ಕಣೇ," ಎಂದಳು ಮಾಯಾ. ಬಳಿಕ ನಿಶ್ಚಿತಾಳನ್ನು ಗೋಡೆಯತ್ತ ತಿರುಗಿಸಿ ನಿಲ್ಲಿಸಿ, ಮಣ್ಣು ಕಲಸಿ ಹೊಸ ಬಿರುಕು ಮಾಡಿ, ಮತ್ತೆ ಕೆಸರುನೀರು ತುಂಬಿದಳು.

ಮೂರು ಗಂಟೆಗೆ ಏಳನೆಯ ತರಗತಿಯ ಗಾಳಿಯಂತ್ರ ಕಡೂರಿಗೆ ಆಯ್ಕೆಯಾಯಿತು. ಗೆಳತಿಯರಿಬ್ಬರೂ ಟಬ್ಬಿನ ಮುಂದೆ ಇನ್ನೂ ಬಗ್ಗಿಕೊಂಡೇ ಇದ್ದರು. ನಲವತ್ತಮೂರು ಚೌಕಗಳು ಮುಗಿದಿದ್ದವು. ಮೇಷ್ಟ್ರು ಬಂದು ಹೊಸ ನಕ್ಷೆಯನ್ನು ನೋಡಿದರು. ಕೆಂಪು ಗೆರೆ ಸೊಟ್ಟಸೊಟ್ಟಾಗಿ ಬಂದು ನಡುವೆ ನಿಂತುಬಿಟ್ಟಿತ್ತು. ಆಚೆಗೆ ಬರಿಯ ಬಿಳಿ ಕಾಗದ.

"ಇಲ್ಲಿಂದ ಮುಂದೆ ಎತ್ಲಾಗ್ ಹೋಗುತ್ತೆ?"

ನಿಶ್ಚಿತಾಳಿಗೆ ಒಂದು ಉತ್ತರ ತುಟಿಯವರೆಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ ಸಾರ್," ಎಂದಳು. ಹಾಗೆನ್ನಲು ಅವಳಿಗೆ ನಾಚಿಕೆಯಾಗಲಿಲ್ಲ.