ಆರೋಪಿಯ ಕೈಗೇ ಹೋದ ದೂರು

ಸೋಮವಾರ ಬೆಳಿಗ್ಗೆ ಗುರುಬಾಯಿ ಕಮಿಷನರ್ ಕಚೇರಿಗೆ ಬಂದದ್ದು ಅದೇ ದೂರನ್ನು ಮೂರನೇ ಸಲ ಕೊಡಲು. ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಅವಳ ಮಗ ವಿನಾಯಕನನ್ನು ಮೋಟಾರು ಕದ್ದ ಅನುಮಾನದ ಮೇಲೆ ಠಾಣೆಗೆ ಒಯ್ದ ಎಸ್‌ಐ ಶಿವಪ್ರಕಾಶ, ಎಡಗಿವಿಯ ಮೇಲೆ ಹೊಡೆದು ಕಿವಿತಮಟೆ ಹರಿದಿದ್ದ. ಮೊದಲ ದೂರನ್ನು ಠಾಣೆಯವರು ತೆಗೆದುಕೊಳ್ಳಲೇ ಇಲ್ಲ. ಎರಡನೆಯದನ್ನು ಮೇಲಿನ ಕಚೇರಿ ಸ್ವೀಕರಿಸಿ, ವಿಚಾರಣೆಗೆಂದು ಶಿವಪ್ರಕಾಶನಿಗೇ ಕಳಿಸಿತು. ಆರೋಪ ಸುಳ್ಳೆಂದು ಅವನೇ ವರದಿ ಬರೆದ.

ಈ ಸಲ ಕಡತ ಬೇರೆ ವಲಯದ ಇನ್‌ಸ್ಪೆಕ್ಟರ್ ಸಂಯುಕ್ತಾ ಅವರಿಗೆ ಬಂತು. ವರದಿಯ ಕೆಳಗೆ ಆರೋಪಿಯದೇ ಸಹಿ ನೋಡಿ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಗುರುಬಾಯಿಯಂತೆ ಅವರದೂ ಧಾರವಾಡದ ಕಡೆಯ ಮನೆತನ.

“ಈ ಸಲಾನೂ ಅವರ ಕಡೇನ ಕಳಸ್ತೀರೇನ್ರಿ ಮೇಡಂ?” ಎಂದಳು ಗುರುಬಾಯಿ.

“ಇಲ್ಲವ್ವಾ. ನಾನ ನೋಡ್ತೀನಿ.”

“ಹಿಂದಿನವರೂ ಹಿಂಗ ಅಂದಿದ್ರು.”

ಸಂಯುಕ್ತಾ ವೈದ್ಯರ ಗಾಯದ ಪ್ರಮಾಣಪತ್ರ ತರಿಸಿ ಅಂದೇ ಎಫ್‌ಐಆರ್ ದಾಖಲಿಸಿದರು. ಶಿವಪ್ರಕಾಶನ ಠಾಣೆಯಲ್ಲಿ ಕ್ಯಾಮೆರಾದ ದೃಶ್ಯ ಕೇಳಿದರೆ ಆ ದಿನ ಕ್ಯಾಮೆರಾ ಕೆಟ್ಟಿತ್ತು ಎಂದರು. ರಿಪೇರಿಗೆ ಯಾರನ್ನು ಕರೆಸಿದಿರಿ ಎಂದಾಗ ಒಬ್ಬೊಬ್ಬರು ಒಂದೊಂದು ಅಂಗಡಿಯ ಹೆಸರು ಹೇಳಿದರು. ಸಂಯುಕ್ತಾ ಪಂಚನಾಮೆ ಮಾಡಿ ಕ್ಯಾಮೆರಾದ ರೆಕಾರ್ಡರ್ ವಶಪಡಿಸಿಕೊಂಡು ಪ್ರಯೋಗಾಲಯಕ್ಕೆ ಕಳಿಸಿದರು. ಮೊದಲು ಆ ದಿನ ರಜೆಯಲ್ಲಿದ್ದೆ ಎಂದಿದ್ದ ಅದೇ ಠಾಣೆಯ ಹೋಂಗಾರ್ಡ್ ಚಂದ್ರಾಮ ಅದಾದ ಮೇಲೆ ತಾನಾಗಿಯೇ ಬಂದ. ಕಿವಿಯಿಂದ ರಕ್ತ ಸುರಿಯುತ್ತಿದ್ದ ವಿನಾಯಕನನ್ನು ಆಟೋದಲ್ಲಿ ಮನೆಗೆ ಬಿಟ್ಟವನು ತಾನೇ ಎಂದು ಹೇಳಿಕೆ ಕೊಟ್ಟ.

ಕಾರ್ಖಾನೆಯ ಮಾಲೀಕ ಹೇಳಿದ್ದು ಕೇಳಿ ಸಂಯುಕ್ತಾ ಅವರಿಗೆ ರೇಗಿಹೋಯಿತು. ಮೋಟಾರು ಕಳುವಾಗಿರಲೇ ಇಲ್ಲ. ಮಾಲೀಕನ ತಮ್ಮ ಅದನ್ನು ತಂತಿ ಸುತ್ತಿಸಲು ವೈಂಡಿಂಗ್ ಅಂಗಡಿಗೆ ಕೊಟ್ಟು ಹೇಳಲು ಮರೆತಿದ್ದ. ಮರುದಿನವೇ ಎಸ್‌ಐಗೆ ಫೋನ್ ಮಾಡಿ ತಿಳಿಸಿದ್ದೆ ಎಂದ ಮಾಲೀಕ.

ಪ್ರಯೋಗಾಲಯದವರು ಅಳಿಸಿದ್ದ ದೃಶ್ಯವನ್ನು ಮರಳಿ ತೆಗೆದರು. ಹೊಡೆತ ಸ್ಪಷ್ಟವಾಗಿತ್ತು. ಸಂಯುಕ್ತಾ ಶಿವಪ್ರಕಾಶನನ್ನು ಕರೆಸಿದರು.

“ಯಾಕ ಹೊಡದ್ರಿ?”

“ದಿನಾ ಸಂಜೀಕ ವೈರ್‌ಲೆಸ್ ಸೆಟ್‌ನ್ಯಾಗ ಎಲ್ಲಾರ ಮುಂದ ಮ್ಯಾಲಿನವ್ರು ಕೇಳ್ತಿದ್ರು ಮೇಡಂ, ಎಷ್ಟ್ ಕೇಸ್ ಪತ್ತೆ ಮಾಡ್ದಿ ಅಂತ. ಅವತ್ತು ನನಗೊಂದು ಹೆಸರು ಬೇಕಿತ್ತು.”

“ಮೋಟಾರು ಕಳುವಾಗಿಲ್ಲಂತ ಮರುದಿನ ಗೊತ್ತಾತಲ್ಲ? ಮತ್ಯಾಕ ಸುಳ್ಳು ವರದಿ ಬರದ್ರಿ?”

ಆ ತಾಯಿಯ ದೂರು ನನ್ನ ಮೇಜಿಗೇ ಬಂದಾಗ, ಇಲಾಖೆಯೇ ಮುಚ್ಚಿಹಾಕು ಅನ್ನುತ್ತಿದೆ ಎಂದುಕೊಂಡೆ ಎಂದ ಶಿವಪ್ರಕಾಶ.

ಶಿವಪ್ರಕಾಶನ ಬಂಧನದ ಸುದ್ದಿಯನ್ನು ಸಂಯುಕ್ತಾ ತಾವೇ ಫೋನ್ ಮಾಡಿ ತಿಳಿಸಿದರು. ಗುರುಬಾಯಿ ಫೋನನ್ನು ಮಗನಿಗೆ ಕೊಟ್ಟಳು. ವಿನಾಯಕ ಅದನ್ನು ರೂಢಿಯಂತೆ ಎಡಗಿವಿಗೆ ಹಿಡಿದ, ಏನೂ ಕೇಳಿಸದೆ ಬಲಗಿವಿಗೆ ಬದಲಿಸಿದ.

“ಇನ್ನೊಮ್ಮೆ ಹೇಳ್ರಿ ಮೇಡಂ” ಎಂದ.

ಸಂಯುಕ್ತಾ ಇನ್ನೊಮ್ಮೆ ಹೇಳಿದರು.